‘ದಿ ವರ್ಜಿನಿಯನ್’ ಕಾದಂಬರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಓವನ್ ವಿಸ್ಟರ್ ಬರೆದ ಈ ಕಾದಂಬರಿ ನನಗೆ ಮೊದಲು ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ. ರಟ್ಟು ಕಿತ್ತುಹೋಗಿದ್ದ ಹಳೆ ಪ್ರತಿ. ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ಓದಿ, ಓದಿ ಎಂದು ದುಂಬಾಲು ಬಿದ್ದಿದ್ದೇನೆ. ಓದಿದವರು, ಓದಬೇಕೆಂದಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕಥೆಯ ಗುಟ್ಟು ಮೊದಲೇ ತಿಳಿಯಬಾರದು ಎನ್ನುವವರು ಸ್ಟೀವ್‌ನೆಂಬ ಪಾತ್ರದ ನೇಣಿನ ಪ್ರಶ್ನೆ ಬಂದ ಕೂಡಲೇ ಓದು ನಿಲ್ಲಿಸಿ, ಪುಸ್ತಕ ಮುಗಿಸಿಕೊಂಡು ಬನ್ನಿ.

ಇದು ಯಾವ ಕಾಲದ, ಯಾವ ಊರಿನ ಕಥೆ?

ಅಮೆರಿಕದ ವಯೋಮಿಂಗ್ ಸೀಮೆಯ ಕಥೆ. ಅದು ಇನ್ನೂ ರಾಜ್ಯವಾಗಿರಲಿಲ್ಲ, ಬರೀ ಟೆರಿಟರಿ, ಅಂದರೆ ಕೇಂದ್ರ ಸರ್ಕಾರದ ಕೈಕೆಳಗಿನ ಪ್ರದೇಶ, ರಾಜ್ಯವಾದದ್ದು 1890ರಲ್ಲಿ. ತನ್ನ ಕಥೆ 1874ರಿಂದ 1890ರವರೆಗಿನ ವಯೋಮಿಂಗ್‌ನದು ಎಂದು ವಿಸ್ಟರ್ ಮುನ್ನುಡಿಯಲ್ಲೇ ಹೇಳುತ್ತಾನೆ. ಆಗ ಅಲ್ಲಿ ಬೇಲಿ ಅಪರೂಪ. ಯಾರ ದನ ಎಲ್ಲಿ ಬೇಕಾದರೂ ಮೇಯುತ್ತಿತ್ತು, ಮೈಮೇಲೆ ಕಾಸಿದ ಕಬ್ಬಿಣದಲ್ಲಿ ಎಳೆದ ಬರೆ ನೋಡಿ ಒಡೆಯ ಯಾರೆಂದು ಹೇಳಬೇಕಿತ್ತು. ಪುಸ್ತಕ ಹೊರಬಂದದ್ದು 1902ರಲ್ಲಿ, ಮ್ಯಾಕ್‌ಮಿಲನ್ ಪ್ರಕಾಶನದಿಂದ. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿ ಇದೇ. ಕೌಬಾಯ್ ಎಂದರೆ ಹೀಗಿರಬೇಕು ಎಂದು ಲೋಕದ ಕಣ್ಣಲ್ಲಿ ನಿಂತಿರುವ ಚಿತ್ರ ಬಹುಪಾಲು ಇಲ್ಲಿಂದ ಬಂದದ್ದು. ಕಡಿಮೆ ಮಾತು, ಹೆಣ್ಣಿನೆದುರು ಮರ್ಯಾದೆ, ಕೊನೆಗೆ ನಡುಬೀದಿಯಲ್ಲಿ ಒಬ್ಬರಿಗೊಬ್ಬರು ಪಿಸ್ತೂಲು ಹಿಡಿದು ನಿಲ್ಲುವುದು, ಎಲ್ಲವೂ. ಕನ್ನಡದಲ್ಲಿ ದ್ವಾರಕೀಶರ ‘ಕೌಬಾಯ್ ಕುಳ್ಳ’ 1973ರಲ್ಲಿ ತೆರೆಗೆ ಬಂತಲ್ಲ, ಆ ಟೋಪಿ ಕುದುರೆಗಳ ವಂಶವೃಕ್ಷ ಹುಡುಕುತ್ತಾ ಹೋದರೂ ಬೇರಿನ ಹತ್ತಿರ ಈ ಪುಸ್ತಕವೇ ಸಿಗುತ್ತದೆ.

ಬರೆದವನು ಕೌಬಾಯ್ ಆಗಿದ್ದನೇ?

ಇಲ್ಲ. ವಿಸ್ಟರ್ 1860ರಲ್ಲಿ ಫಿಲಡೆಲ್ಫಿಯಾದ ಅನುಕೂಲಸ್ಥ ಮನೆಯಲ್ಲಿ ಹುಟ್ಟಿದವನು. ಅವನ ಅಜ್ಜಿ ಫ್ಯಾನಿ ಕೆಂಬಲ್ ಹೆಸರಾಂತ ರಂಗನಟಿ. ಹಾರ್ವರ್ಡ್‌ನಲ್ಲಿ ಓದಿದ, ಸಂಗೀತ ಕಲಿಯಲು ಪ್ಯಾರಿಸ್‌ಗೆ ಹೋದ, ಅದು ಕೈಗೂಡದೆ ಮರಳಿದ, ಆರೋಗ್ಯ ಕೆಟ್ಟಿತು. ವೈದ್ಯರ ಮಾತಿನಂತೆ 1885ರ ಬೇಸಿಗೆಯಲ್ಲಿ ಹವಾ ಬದಲಾವಣೆಗೆಂದು ವಯೋಮಿಂಗ್‌ಗೆ ಬಂದು ಮೇಜರ್ ಫ್ರಾಂಕ್ ವುಲ್ಕಾಟ್ ಎಂಬವನ ದನ ಸಾಕುವ ಹಿಡುವಳಿಯಲ್ಲಿ, ಅಂದರೆ ರ‍್ಯಾಂಚ್‌ನಲ್ಲಿ ಉಳಿದ. ಈ ವುಲ್ಕಾಟ್‌ನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಆಮೇಲೂ ವಿಸ್ಟರ್ ಹಲವು ಸಲ ಪಶ್ಚಿಮಕ್ಕೆ ಹೋಗಿ ಬಂದ, ದಿನಚರಿ ಬರೆದಿಟ್ಟ. ಕಾದಂಬರಿಯಲ್ಲಿ ಕಥೆ ಹೇಳುವವನೂ ಹೀಗೇ ಪೂರ್ವದಿಂದ ಬಂದ ಪಟ್ಟಣಿಗ. ಮೆಡಿಸಿನ್ ಬೋ ಎಂಬ ಪುಟ್ಟ ಊರಿನಲ್ಲಿ ರೈಲಿಳಿದರೆ ಅವನ ಪೆಟ್ಟಿಗೆಯೇ ಬಂದಿರುವುದಿಲ್ಲ. ಕರೆದೊಯ್ಯಲು ಬಂದ ಎತ್ತರದ ತರುಣನೇ ನಮ್ಮ ನಾಯಕ.

ನಾಯಕನಿಗೆ ಹೆಸರೇ ಇಲ್ಲವೇ?

ಇಲ್ಲ. ವರ್ಜಿನಿಯಾದಿಂದ ಬಂದವನು, ಅದಕ್ಕೇ ವರ್ಜಿನಿಯನ್. ಗೆಳೆಯ ಸ್ಟೀವ್ ಮಾತ್ರ ಅವನನ್ನು ಜೆಫ್ ಎಂದು ಕರೆಯುತ್ತಾನೆ, ಅದೂ ನಿಜವಾದ ಹೆಸರಲ್ಲ. ನಮ್ಮ ಹಳ್ಳಿಗಳಲ್ಲೂ ಹೊರಗಿನಿಂದ ಬಂದು ನೆಲೆಸಿದವರಿಗೆ ಬಂದ ಊರಿನ ಹೆಸರೇ ಅಂಟಿಕೊಳ್ಳುವುದುಂಟು, ಕೊನೆಗೆ ಅವರ ಹುಟ್ಟುಹೆಸರು ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಕನ್ನಡದ ಓದುಗರಿಗೆ ಇದು ವಿಚಿತ್ರವೆನಿಸದು. ಹದಿನಾಲ್ಕರ ವಯಸ್ಸಿಗೆ ಮನೆ ಬಿಟ್ಟವನಿಗೆ ಬಂದ ಊರೊಂದೇ ಉಳಿದ ಗುರುತು.

‘ಹಾಗೆ ಕರೆಯುವಾಗ ನಗು’ ಎಂಬ ಮಾತು ಅಷ್ಟು ಪ್ರಸಿದ್ಧವೇಕೆ?

ಎರಡನೇ ಅಧ್ಯಾಯದಲ್ಲಿದೆ. ಸ್ಟೀವ್ ನಾಯಕನನ್ನು ತಾಯಿಯ ಹೆಸರೆತ್ತುವ ಒಂದು ಬೈಗುಳದಿಂದ ಕರೆಯುತ್ತಾನೆ. ನಿರೂಪಕ ಬೆಚ್ಚಿಬೀಳುತ್ತಾನೆ, ನಾಯಕ ಮಾತ್ರ ಏನೂ ಆಗದವನಂತೆ ಇರುತ್ತಾನೆ. ಅದೇ ಸಂಜೆ ಹೆಂಡದಂಗಡಿಯಲ್ಲಿ, ಅಂದರೆ ಅಲ್ಲಿಯವರ ಸಲೂನ್‌ನಲ್ಲಿ ಇಸ್ಪೀಟಾಟ. ಟ್ರಂಪಾಸ್ ಎಂಬವನು ಅದೇ ಬೈಗುಳ ಬಳಸಿದಾಗ ನಾಯಕನ ಪಿಸ್ತೂಲು ಮೇಜಿನ ಮೇಲೆ ಬರುತ್ತದೆ. ಗುರಿ ಇಡುವುದಿಲ್ಲ. ಮೆಲುದನಿಯಲ್ಲಿ ಆ ಒಂದು ಮಾತು ಹೇಳುತ್ತಾನೆ. ಕೋಣೆ ತಣ್ಣಗಾಗುತ್ತದೆ.

ಇಂಗ್ಲಿಷ್ ಓದುಗರಿಗೆ ವಿಸ್ಟರ್ ಇದನ್ನು ಬಿಡಿಸಿ ಹೇಳಬೇಕಾಯಿತು. ನಮಗೆ ಬೇಕಿಲ್ಲ. ಬಾಲ್ಯದ ಗೆಳೆಯ ಹೆಗಲ ಮೇಲೆ ಕೈಹಾಕಿ ‘ಏನಲೇ’ ಎಂದರೆ ಅದು ಪ್ರೀತಿ. ಮುಖಪರಿಚಯವಿಲ್ಲದವನು ಬಸ್ಸಿನಲ್ಲಿ ‘ಏನಲೇ’ ಎಂದರೆ ಅಂಗಿ ತೋಳು ಮಡಚಬೇಕಾಗುತ್ತದೆ. ಅಕ್ಷರ ಒಂದೇ, ಸಲಿಗೆ ಬೇರೆ. ಹುಡುಗನಿದ್ದಾಗ ಈ ದೃಶ್ಯ ಓದಿ ಪಿಸ್ತೂಲಿಗೆ ಮರುಳಾಗಿದ್ದೆ. ಈಗ ಕಿವಿ ಹೋಗುವುದು ಸ್ಟೀವ್‌ನ ಸಲಿಗೆಯ ಕಡೆಗೆ. ಆ ಸಲಿಗೆಯೇ ಮುಂದೆ ಕರುಳು ಹಿಂಡುತ್ತದೆ.

ಇದು ಪ್ರೇಮಕಥೆ ಎನ್ನುತ್ತೀರಿ. ನಾಯಕಿ ಯಾರು?

ಮೋಲಿ ಸ್ಟಾರ್ಕ್ ವುಡ್. ವರ್ಮಾಂಟ್ ರಾಜ್ಯದ ಬೆನಿಂಗ್ಟನ್ ಊರಿನವಳು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1777ರ ಬೆನಿಂಗ್ಟನ್ ಕಾಳಗದಲ್ಲಿ ಗೆದ್ದ ಸೇನಾನಿ ಸ್ಟಾರ್ಕ್‌ನ ಮನೆತನ. ಹೆಸರು ದೊಡ್ಡದು, ಹಣ ಕರಗಿಹೋಗಿದೆ. ಸಿರಿವಂತ ಸ್ಯಾಮ್ ಬ್ಯಾನೆಟ್ ಮದುವೆಯಾಗುತ್ತೇನೆಂದು ಬಂದಾಗ ಪ್ರೀತಿಯಿಲ್ಲದ ಮದುವೆ ಒಲ್ಲೆ ಎನ್ನುತ್ತಾಳೆ. ಊರಿನ ಬಾಯಿ ಸುಮ್ಮನಿರುತ್ತದೆಯೇ? ವಯೋಮಿಂಗ್‌ನ ಬೇರ್ ಕ್ರೀಕ್‌ನಲ್ಲಿ ಹೊಸದಾಗಿ ಕಟ್ಟಿದ ಶಾಲೆಗೆ ಟೀಚರ್ ಬೇಕಾಗಿರುವುದು ತಿಳಿದು ಒಬ್ಬಳೇ ಹೊರಟುಬಿಡುತ್ತಾಳೆ. ದಾರಿಯಲ್ಲಿ ಗಾಡಿ ಹೊಳೆಯಲ್ಲಿ ವಾಲಿಕೊಂಡಾಗ ಕುದುರೆಯವನೊಬ್ಬ ಅವಳನ್ನೆತ್ತಿ ದಡ ಮುಟ್ಟಿಸುತ್ತಾನೆ. ಅವಳ ಕರವಸ್ತ್ರ ಅವನ ಬಳಿ ಉಳಿಯುತ್ತದೆ.

ಇಷ್ಟು ಕೇಳಿ ಉಳಿದದ್ದು ಸಲೀಸು ಎಂದುಕೊಳ್ಳಬೇಡಿ. ಮೋಲಿ ಸುಲಭಕ್ಕೆ ಒಲಿಯುವವಳಲ್ಲ. ನೀನು ನನ್ನನ್ನು ಪ್ರೀತಿಸುವ ದಿನ ಬರುತ್ತದೆ ಎಂದು ಅವನು ಮುಖಕ್ಕೆ ಮುಖ ಕೊಟ್ಟು ಹೇಳಿದರೂ, ವರ್ಷಗಟ್ಟಲೆ ಸಲುಗೆಯ ಗಡಿ ದಾಟಲು ಬಿಡುವುದಿಲ್ಲ. ಬದಲಿಗೆ ಪುಸ್ತಕ ಕೊಡುತ್ತಾಳೆ. ಶಾಲೆ ಹೆಚ್ಚು ಕಾಣದ ಆ ದನಗಾಹಿ ಶೇಕ್ಸ್‌ಪಿಯರ್‌ಗೆ ಮನಸೋಲುತ್ತಾನೆ, ಜೇನ್ ಆಸ್ಟಿನ್ ಓದಿ ಆಕಳಿಸುತ್ತಾನೆ. ಸ್ಕಾಟ್‌ನ ‘ಕೆನಿಲ್‌ವರ್ತ್’ ಓದಿ ಎಲಿಜಬೆತ್ ರಾಣಿ ಪೋಕರ್ ಆಡಿದ್ದರೆ ಭಾರಿ ಆಟಗಾರ್ತಿಯಾಗುತ್ತಿದ್ದಳು ಎನ್ನುತ್ತಾನೆ. ಮೋಲಿ ನಗುತ್ತಾಳೆ. ನಾವು ನಗುತ್ತಿರುವಾಗಲೇ, ಮನುಷ್ಯರನ್ನು ಓದುವುದರಲ್ಲಿ ಅವನು ಅವಳಿಗಿಂತ ಮುಂದಿದ್ದಾನೆ ಎಂಬುದು ಅವಳಿಗೂ ನಮಗೂ ಒಟ್ಟಿಗೇ ಹೊಳೆಯುತ್ತದೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಪ್ರಿಯವಾದ ಪುಟಗಳಿವು.

ಮಕ್ಕಳನ್ನು ಅದಲು ಬದಲು ಮಾಡುವ ಪ್ರಸಂಗ ಯಾವುದು?

ಒಂದು ದೊಡ್ಡ ಔತಣಕೂಟ, ರಾತ್ರಿಯೆಲ್ಲ ಕುಣಿತ. ತಾಯಂದಿರು ಕೂಸುಗಳನ್ನು ಒಂದೇ ಕೋಣೆಯಲ್ಲಿ ಮಲಗಿಸಿದ್ದಾರೆ. ಮೋಲಿ ತನ್ನನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲವೆಂಬ ಸಿಟ್ಟಿಗೆ ನಾಯಕ, ಗೆಳೆಯ ಲಿನ್ ಮೆಕ್‌ಲೀನ್ ಜೊತೆ ಸೇರಿ ಕೂಸುಗಳ ಬಟ್ಟೆ ಹೊದಿಕೆ ಬದಲಾಯಿಸಿಡುತ್ತಾನೆ. ತಾಯಂದಿರು ಮೈಲಿಗಟ್ಟಲೆ ದೂರ ಹೋದ ಮೇಲೆ ಗೊತ್ತಾಗುತ್ತದೆ. ಕೇಡಿಗತನವೇ. ಆದರೆ ತಪ್ಪು ನನ್ನದು ಎಂದು ಆಮೇಲೆ ಅವನೇ ಒಪ್ಪಿಕೊಳ್ಳುತ್ತಾನೆ.

ಎಮ್ಲಿ ಎಂಬ ಕೋಳಿಯ ಅಧ್ಯಾಯ ಬಿಟ್ಟು ಓದಬಹುದೇ?

ದಯವಿಟ್ಟು ಬಿಡಬೇಡಿ. ಮೊಟ್ಟೆಯಿಡದ ಒಂದು ಹುಚ್ಚು ಕೋಳಿ ಆಲೂಗಡ್ಡೆಗೆ ಕಾವು ಕೂರುತ್ತದೆ, ನಾಯಿಮರಿಗಳಿಗೆ ತಾಯಿಯಾಗಲು ಹೊರಡುತ್ತದೆ. ನಾಯಕ ಅದನ್ನು ನೋಡಿ ಗೇಲಿ ಮಾಡುತ್ತಲೇ ಮರುಗುತ್ತಾನೆ. ಪಿಸ್ತೂಲು ಹಿಡಿದವನ ಒಳಗೆ ಎಂಥವನಿದ್ದಾನೆ ಎಂಬುದು ನಮಗೆ ಗೊತ್ತಾಗುವುದೇ ಇಲ್ಲಿ.

ನಾಯಕ ತನ್ನ ಗೆಳೆಯ ಸ್ಟೀವ್‌ನನ್ನೇ ನೇಣಿಗೇರಿಸುತ್ತಾನಂತೆ, ನಿಜವೇ?

ನಿಜ. ನನ್ನ ಮಟ್ಟಿಗೆ ಈ ಪುಸ್ತಕದ ನಡುಗಂಬ ಇದೇ, ಕೊನೆಯ ಕಾಳಗವಲ್ಲ.

ನಾಯಕ ಈಗ ಜಡ್ಜ್ ಹೆನ್ರಿಯ ರ‍್ಯಾಂಚ್‌ನ ಫೋರ್‌ಮನ್. ದನ ಕುದುರೆ ಕದಿಯುವ ಗುಂಪೊಂದನ್ನು ಹಿಡಿಯಲು ಹೊರಟ ತಂಡಕ್ಕೆ ಅವನೇ ಮುಂದಾಳು. ಟೀಟಾನ್ ಬೆಟ್ಟಗಳ ಕಡೆ ಇಬ್ಬರು ಸಿಕ್ಕಿಬೀಳುತ್ತಾರೆ, ಒಬ್ಬ ಸ್ಟೀವ್. ಕೋರ್ಟಿಲ್ಲ, ವಿಚಾರಣೆಯಿಲ್ಲ. ಬೆಳಗಾದರೆ ಕಾಟನ್‌ವುಡ್ ಮರಗಳ ಕೆಳಗೆ ನೇಣು. ಸ್ಟೀವ್ ಎಲ್ಲರೊಂದಿಗೂ ಸಹಜವಾಗಿ ಮಾತಾಡುತ್ತಾನೆ, ಎಲ್ಲರಿಗೂ ವಿದಾಯ ಹೇಳುತ್ತಾನೆ, ನಾಯಕನೊಬ್ಬನ ಕಡೆ ತಿರುಗುವುದಿಲ್ಲ. ಆ ಮೌನ ನಾಯಕನನ್ನು ಮುರಿದುಹಾಕುತ್ತದೆ. ನಿರೂಪಕನ ಜೊತೆ ಕುದುರೆಯ ಮೇಲೆ ಹೋಗುತ್ತಾ ಆ ಗಟ್ಟಿ ಮನುಷ್ಯ ಅತ್ತುಬಿಡುತ್ತಾನೆ. ಆಮೇಲೆ ಒಂದು ಹಳೆ ವೃತ್ತಪತ್ರಿಕೆಯಲ್ಲಿ ಸ್ಟೀವ್ ಪೆನ್ಸಿಲ್‌ನಲ್ಲಿ ಗೀಚಿದ ಎರಡು ಸಾಲು ಸಿಗುತ್ತವೆ. ನಿನ್ನ ಜೊತೆ ಮಾತಾಡಿದ್ದರೆ ನಾನು ಮಗುವಿನಂತೆ ಆಗಿಬಿಡುತ್ತಿದ್ದೆ ಎಂಬ ಅರ್ಥದ ಸಾಲುಗಳು. ಬೈಗುಳವನ್ನೂ ಪ್ರೀತಿಯಾಗಿಸಿದ್ದ ಗೆಳೆತನ ಇಲ್ಲಿ ಮಾತಿಲ್ಲದೆ ಮುಗಿಯುತ್ತದೆ.

ಸುದ್ದಿ ತಿಳಿದ ಮೋಲಿ ತತ್ತರಿಸುತ್ತಾಳೆ. ಅವಳಿಗೆ ಸಮಾಧಾನ ಹೇಳಲು ಲೇಖಕ ಜಡ್ಜ್ ಹೆನ್ರಿಯನ್ನು ಕಳಿಸುತ್ತಾನೆ. ಕಾನೂನಿನ ಅಧಿಕಾರವನ್ನು ಕೋರ್ಟಿಗೆ ಕೊಟ್ಟವರು ಜನರೇ, ಕೋರ್ಟು ಕೈಚೆಲ್ಲಿದಾಗ ಜನ ಅದನ್ನು ಮರಳಿ ಪಡೆದರೆ ತಪ್ಪಲ್ಲ ಎಂಬುದು ಅವನ ವಾದ. ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನು ಗುಂಪು ಸುಟ್ಟುಹಾಕುವುದು ಬೇರೆ, ಇದು ಬೇರೆ ಎಂದೂ ಅವನು ವಿಂಗಡಿಸುತ್ತಾನೆ. ಈ ಅಧ್ಯಾಯವನ್ನು ನಾನು ನಾಲ್ಕು ಸಲ ಓದಿದ್ದೇನೆ, ನಾಲ್ಕು ಸಲವೂ ಒಪ್ಪಲಾಗಿಲ್ಲ. ಹಗ್ಗ ಹಿಡಿದ ಗುಂಪು ಯಾವತ್ತಾದರೂ ತನ್ನ ಕೈಯಲ್ಲಿ ಅನ್ಯಾಯವಿದೆ ಎಂದು ಹೇಳಿದ್ದುಂಟೇ? ಮೋಲಿಯ ಪ್ರಶ್ನೆ ಜಡ್ಜ್‌ನ ಉತ್ತರಕ್ಕಿಂತ ದೊಡ್ಡದು. ಲೇಖಕ ಅವಳ ಬಾಯಿ ಕಟ್ಟಿಸಿದ್ದಾನೆ. ಆದರೂ ನಾಯಕನ ಕಣ್ಣೀರನ್ನು ಮುಚ್ಚಿಡಲಿಲ್ಲ. ವಾದ ಒಂದು ಹೇಳುತ್ತದೆ, ಕಥೆ ಇನ್ನೊಂದು ಹೇಳುತ್ತದೆ. ನಾನು ಕಥೆಯನ್ನು ನಂಬುತ್ತೇನೆ.

ಇದರ ಹಿಂದೆ ನಿಜವಾದ ಘಟನೆ ಇದೆಯೇ?

ಇದೆ, ಮತ್ತು ಅದನ್ನು ತಿಳಿಯದೆ ಓದಿದರೆ ಪುಸ್ತಕದ ಅರ್ಧ ಕೈತಪ್ಪುತ್ತದೆ.

1886–87ರ ಭೀಕರ ಚಳಿಗಾಲದಲ್ಲಿ ಆ ಬಯಲಿನ ದನಗಳು ಹಿಂಡು ಹಿಂಡಾಗಿ ಸತ್ತವು. ದೊಡ್ಡ ರ‍್ಯಾಂಚ್‌ಗಳು ದಿವಾಳಿಯ ಅಂಚಿಗೆ ಬಂದವು. ಅದೇ ಹೊತ್ತಿಗೆ ಸಣ್ಣ ಹಿಡುವಳಿಯವರು ಬಂದು ಬೇಲಿ ಹಾಕಿಕೊಂಡು ಸ್ವಂತ ದನ ಕಟ್ಟತೊಡಗಿದರು. ಬರೆ ಇಲ್ಲದ ಕರು ಯಾರದು ಎಂಬುದೇ ಜಗಳದ ಮೂಲ. ವಯೋಮಿಂಗ್ ಸ್ಟಾಕ್ ಗ್ರೋವರ್ಸ್ ಅಸೋಸಿಯೇಷನ್ ಎಂಬ ದೊಡ್ಡ ಒಡೆಯರ ಸಂಘ 1884ರಲ್ಲಿ ಕಾನೂನು ಮಾಡಿಸಿ ಅಂಥ ಕರುಗಳ ಮೇಲೆ ಹಿಡಿತ ಸಾಧಿಸಿತ್ತು. ಸಣ್ಣವರು ಹಿಡಿದರೆ ಕಳ್ಳತನ, ದೊಡ್ಡವರು ಹಿಡಿದರೆ ಕಾನೂನು. ಜುಲೈ 1889ರಲ್ಲಿ ಸ್ವೀಟ್‌ವಾಟರ್ ಕಣಿವೆಯಲ್ಲಿ ಎಲ್ಲಾ ವಾಟ್ಸನ್ ಎಂಬ ಹೆಣ್ಣುಮಗಳನ್ನೂ ಜಿಮ್ ಅವೆರೆಲ್‌ನನ್ನೂ ದೊಡ್ಡ ಒಡೆಯರು ನೇಣು ಹಾಕಿದರು. ಪತ್ರಿಕೆಗಳು ಅವಳನ್ನೇ ಕಳ್ಳಿ, ನಡತೆಗೆಟ್ಟವಳು ಎಂದು ಚಿತ್ರಿಸಿದವು.

ಏಪ್ರಿಲ್ 1892ರಲ್ಲಿ ಅಸೋಸಿಯೇಷನ್‌ನವರು ಟೆಕ್ಸಾಸ್‌ನಿಂದ ಬಾಡಿಗೆ ಬಂದೂಕುಗಾರರನ್ನು ಕರೆಸಿ, ಸುಮಾರು 50 ಜನರ ದಂಡು ಕಟ್ಟಿ ಜಾನ್ಸನ್ ಕೌಂಟಿ ಎಂಬ ಜಿಲ್ಲೆಯ ಮೇಲೆ ನುಗ್ಗಿದರು. ಏಪ್ರಿಲ್ 9ರಂದು ಕೆಸಿ ರ‍್ಯಾಂಚ್‌ನಲ್ಲಿ ಸಣ್ಣ ಹಿಡುವಳಿಯವರ ಪಕ್ಷದ ನೇಟ್ ಚಾಂಪಿಯನ್ ಮತ್ತು ನಿಕ್ ರೇ ಹತರಾದರು. ಗುಡಿಸಿಲಿನೊಳಗೆ ಸಿಕ್ಕಿಬಿದ್ದ ಚಾಂಪಿಯನ್, ಗುಂಡು ಹಾರುತ್ತಿರುವಾಗಲೇ ನೋಟ್‌ಬುಕ್‌ನಲ್ಲಿ ಏನಾಗುತ್ತಿದೆಯೆಂದು ಬರೆಯುತ್ತಿದ್ದ. ಸ್ಟೀವ್‌ನ ಪೆನ್ಸಿಲ್ ಸಾಲು ಓದುವಾಗೆಲ್ಲ ನನಗೆ ಈ ನೋಟ್‌ಬುಕ್ ನೆನಪಾಗುತ್ತದೆ. ಊರವರು ತಿರುಗಿಬಿದ್ದು ಟಿಎ ರ‍್ಯಾಂಚ್‌ನಲ್ಲಿ ದಂಡನ್ನು ಮುತ್ತಿದಾಗ ಅಧ್ಯಕ್ಷ ಹ್ಯಾರಿಸನ್‌ನ ಆದೇಶದ ಮೇಲೆ ಅಶ್ವದಳ ಬಂದು ದಂಡಿನವರನ್ನು ವಶಕ್ಕೆ ತೆಗೆದುಕೊಂಡಿತು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಆ ದಂಡಿನ ಮುಂದಾಳುಗಳಲ್ಲಿ ಒಬ್ಬ ಮೇಜರ್ ಫ್ರಾಂಕ್ ವುಲ್ಕಾಟ್. 1885ರಲ್ಲಿ ವಿಸ್ಟರ್‌ಗೆ ಅನ್ನವಿಟ್ಟ ಮನೆ. ಜಡ್ಜ್ ಹೆನ್ರಿಯ ಬಾಯಲ್ಲಿ ಆ ವಾದ ಎಲ್ಲಿಂದ ಬಂತು ಎಂದು ಇನ್ನು ಹೇಳಬೇಕಿಲ್ಲ.

ಕೊನೆಯಲ್ಲಿ ಮೋಲಿ ಸೋಲುತ್ತಾಳೆಯೇ?

ಮದುವೆಯ ಹಿಂದಿನ ದಿನ. ಸೂರ್ಯ ಮುಳುಗುವುದರೊಳಗೆ ಊರು ಬಿಡು ಎಂದು ಟ್ರಂಪಾಸ್ ನಾಯಕನಿಗೆ ಗಡುವು ಕೊಡುತ್ತಾನೆ. ನೀನು ಹೋಗಿ ಕಾದಾಡಿದರೆ ನಮ್ಮಿಬ್ಬರಿಗೆ ನಾಳೆ ಎಂಬುದಿಲ್ಲ ಎನ್ನುತ್ತಾಳೆ ಮೋಲಿ. ಅವನು ಹೋಗುತ್ತಾನೆ. ಟ್ರಂಪಾಸ್ ಮೊದಲು ಗುಂಡು ಹಾರಿಸುತ್ತಾನೆ, ಸಾಯುವವನೂ ಅವನೇ. ಜೀವಂತ ಮರಳಿದವನನ್ನು ನೋಡಿ ಮೋಲಿಯ ಹಟ ಕರಗುತ್ತದೆ, ಮರುದಿನ ಮದುವೆ.

ಹಲವರು ಇಲ್ಲಿ ಸಿಟ್ಟಾಗುತ್ತಾರೆ. ಹೆಣ್ಣಿನ ಮಾತಿಗೆ ಬೆಲೆ ಇಷ್ಟೇನಾ ಎಂದು ಕೇಳುತ್ತಾರೆ. ಸಿಟ್ಟು ನ್ಯಾಯವೇ. ಮೋಲಿ ಕಾಲಿಟ್ಟ ವಯೋಮಿಂಗ್ 1869ರಲ್ಲೇ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಕೊಟ್ಟಿದ್ದ ನೆಲ. ಅಂಥ ನೆಲದಲ್ಲಿ ಅವಳ ನೀತಿಗೆ ಗೆಲುವು ಕೊಡಲು ಲೇಖಕನಿಗೆ ಮನಸ್ಸಾಗಲಿಲ್ಲ. ಆದರೆ ಅವಳು ಹೇಳಿದ್ದು ಸುಳ್ಳಾಗಿತ್ತು ಎಂದೂ ನನಗನಿಸುವುದಿಲ್ಲ. ಅವನನ್ನು ಕಳೆದುಕೊಳ್ಳುವ ಭಯ ಅವಳ ತತ್ವಕ್ಕಿಂತ ದೊಡ್ಡದಿತ್ತು, ಅಷ್ಟೇ. ಹಾಗಾಗುವುದು ಮನುಷ್ಯರಿಗೆ. ಟ್ರಂಪಾಸ್‌ಗಿಂತ ನನ್ನನ್ನು ಕಾಡುವುದು ಆ ಸಂಜೆ ಕೋಣೆಯೊಳಗೆ ಒಬ್ಬಳೇ ಕೂತು ಗುಂಡಿನ ಸದ್ದಿಗೆ ಕಾದಿದ್ದ ಹೆಣ್ಣು.

ಮೂಲನಿವಾಸಿಗಳನ್ನು ಹೇಗೆ ತೋರಿಸಿದ್ದಾನೆ?

ಕೆಟ್ಟದಾಗಿ. ಅವರು ಬಹುಪಾಲು ಮರೆಯಿಂದ ದಾಳಿ ಮಾಡುವ ಅಪಾಯವಷ್ಟೇ, ಹೆಸರಿಲ್ಲ, ಮಾತಿಲ್ಲ. ಶೊಶೋನಿ, ಅರಪಾಹೊ ಜನರ ನೆಲದಲ್ಲಿ ನಡೆಯುವ ಕಥೆಯಲ್ಲಿ ಅವರ ಒಂದು ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ. ಕೌಬಾಯ್ ಕಸುಬನ್ನು ಕಲಿಸಿದ ಮೆಕ್ಸಿಕೋದ ವಾಕೆರೊ ಎಂಬ ದನಗಾಹಿಗಳಿಗೂ, ದೊಡ್ಡ ಸಂಖ್ಯೆಯಲ್ಲಿದ್ದ ಕರಿಯ ಕೌಬಾಯ್‌ಗಳಿಗೂ ನಾಯಕನ ಪಕ್ಕದಲ್ಲಿ ಜಾಗವಿಲ್ಲ. ರ‍್ಯಾಂಚ್ ಎಂಬ ಪದವೇ ಸ್ಪ್ಯಾನಿಷ್‌ನಿಂದ ಬಂದದ್ದು. ಇದನ್ನು ಮರೆಯದೆ ಓದಬೇಕು.

ಪುಸ್ತಕವನ್ನು ಯಾರಿಗೋ ಅರ್ಪಿಸಿದ್ದಾನಲ್ಲ?

ಥಿಯೋಡರ್ ರೂಸ್‌ವೆಲ್ಟ್‌ಗೆ. ಹಾರ್ವರ್ಡ್ ಕಾಲದ ಗೆಳೆಯ, ಪುಸ್ತಕ ಬಂದಾಗ ದೇಶದ ಅಧ್ಯಕ್ಷ. ಬೇಲಮ್ ಎಂಬ ಕ್ರೂರಿ ಪೆಡ್ರೊ ಎಂಬ ಕುದುರೆಗೆ ಹಿಂಸೆ ಕೊಡುವ ಭಾಗ ಮೊದಲು ಪತ್ರಿಕೆಯಲ್ಲಿ ಬಂದಾಗ ಇನ್ನೂ ಘೋರವಾಗಿತ್ತು. ರೂಸ್‌ವೆಲ್ಟ್ ಆಕ್ಷೇಪಿಸಿದ್ದರಿಂದ ಕಾದಂಬರಿಯಲ್ಲಿ ಅದನ್ನು ತಿದ್ದಿ ಬರೆದ. ತಿದ್ದಿದ ಮೇಲೂ ಓದಲಾಗದಷ್ಟು ನೋವಾಗುತ್ತದೆ. ಪ್ರಾಣಿಹಿಂಸೆ ಸಹಿಸದವರು 26ನೇ ಅಧ್ಯಾಯವನ್ನು ಎಚ್ಚರದಿಂದ ತೆರೆಯಿರಿ.

ಸಿನಿಮಾ ನೋಡಿದರೆ ಸಾಲದೇ?

ಸಾಲದು. 1914ರಲ್ಲಿ ಸೆಸಿಲ್ ಬಿ. ಡಿಮಿಲ್ ಮೂಕಿಚಿತ್ರ ಮಾಡಿದ, 1929ರಲ್ಲಿ ಗ್ಯಾರಿ ಕೂಪರ್ ನಟಿಸಿದ ಮಾತಿನ ಚಿತ್ರ ಬಂತು, 1946ರಲ್ಲಿ ಜೋಯಲ್ ಮೆಕ್‌ಕ್ರೇಯದು. ಒಂದೇ ನೋಡುವುದಾದರೆ ಗ್ಯಾರಿ ಕೂಪರ್‌ನದು ನೋಡಿ. 1962ರಿಂದ 1971ರವರೆಗೆ ಬಂದ ಟಿವಿ ಧಾರಾವಾಹಿಯಲ್ಲಿ ಟ್ರಂಪಾಸ್ ಒಳ್ಳೆಯವನಾಗಿಬಿಟ್ಟಿದ್ದಾನೆ. ಹೆಸರಷ್ಟೇ ಉಳಿದಿದೆ, ಕಥೆ ಬೇರೆ.

ಆ ಊರು ಈಗಲೂ ಇದೆಯೇ?

ಮೆಡಿಸಿನ್ ಬೋ ಇದೆ. ಪುಟ್ಟ ಊರು. ಕಾದಂಬರಿಯ ಹೆಸರಿನಲ್ಲಿ 1911ರಲ್ಲಿ ಕಟ್ಟಿದ ವರ್ಜಿನಿಯನ್ ಹೋಟೆಲ್ ರೈಲುಹಳಿಯ ಎದುರಿಗೇ ನಿಂತಿದೆ. ಅಮೆರಿಕದಲ್ಲಿರುವ ಕನ್ನಡಿಗರು ಯೆಲ್ಲೋಸ್ಟೋನ್, ಟೀಟಾನ್ ನೋಡಲು ಹೊರಟಾಗ ದಾರಿ ಸ್ವಲ್ಪ ಬಳಸಿಕೊಂಡು ಹೋಗಬಹುದು.

ಇಂಗ್ಲಿಷ್ ಕಷ್ಟವೇ? ಪುಸ್ತಕ ಎಲ್ಲಿ ಸಿಗುತ್ತದೆ?

ನಿರೂಪಣೆ ಸುಲಭ, ಸಂಭಾಷಣೆ ಸ್ವಲ್ಪ ತೊಡಕು. ನಾಯಕನ ದಕ್ಷಿಣದ ಆಡುಮಾತನ್ನು ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದಾನೆ. ಕಣ್ಣಲ್ಲಿ ಓದದೆ ಬಾಯಿಬಿಟ್ಟು ಓದಿ, ಧಾರವಾಡದ ಕನ್ನಡವನ್ನು ಪುಸ್ತಕದಲ್ಲಿ ಕಂಡಾಗ ಮೈಸೂರಿನವರು ಮಾಡುವಂತೆ. ನಾಲ್ಕು ಅಧ್ಯಾಯದಲ್ಲಿ ಕಿವಿಗೆ ಹತ್ತುತ್ತದೆ. ಒಟ್ಟು 36 ಅಧ್ಯಾಯಗಳು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಹಾಗಾದರೆ ಕನ್ನಡಕ್ಕೆ ಅನುವಾದಿಸಬಹುದೇ?

ಕಾನೂನಿನ ಅಡ್ಡಿಯಿಲ್ಲ. ವಿಸ್ಟರ್ ತೀರಿಕೊಂಡದ್ದು 1938ರಲ್ಲಿ, ಭಾರತದಲ್ಲಿ ಲೇಖಕರ ಮರಣದ ನಂತರ 60 ವರ್ಷ ಮಾತ್ರ ಹಕ್ಕು. ಕಷ್ಟವಿರುವುದು ಬೇರೆ ಕಡೆ. ಇಂಗ್ಲಿಷಿನ ಒಂದೇ ‘ಯು’ ಕನ್ನಡದಲ್ಲಿ ನೀನೂ ಹೌದು, ನೀವೂ ಹೌದು. ನಾಯಕ ಮೋಲಿಯನ್ನು ಬಹುಕಾಲ ಬಹುವಚನದಲ್ಲೇ ಮಾತಾಡಿಸಬೇಕು, ಟೀಚರಮ್ಮ ಎಂದು. ಮೋಲಿಯೂ ಅವನಿಗೆ ‘ನೀವು’ ಎಂದೇ ದೂರ ಇಡಬೇಕು. ಹಾಗಾದರೆ ‘ನೀನು’ ಬರುವುದು ಯಾವ ಪುಟದಲ್ಲಿ?

ನಾನು ಕೆಲವು ಪುಟ ಪ್ರಯತ್ನಿಸಿ ನೋಡಿದ್ದೇನೆ. ಮೋಲಿ ಅವನ ಪ್ರೀತಿಗೆ ಹೆದರಿ ವರ್ಮಾಂಟ್‌ಗೆ ಮರಳಲು ಸಾಮಾನು ಕಟ್ಟುತ್ತಿರುವ ದಿನಗಳು. ಕುದುರೆ ಏರಿ ಹೊರಟವಳಿಗೆ ಒಂದು ಒರತೆಯ ಬಳಿ ಅವನು ಗಾಯಗೊಂಡು, ಪ್ರಜ್ಞೆ ತಪ್ಪಿ ಬಿದ್ದಿರುವುದು ಕಾಣುತ್ತದೆ. ಅವನ ಕುದುರೆ ಮಾಂಟೆ ಪಕ್ಕದಲ್ಲಿ ನಿಂತಿದೆ. ಗಾಯ ತೊಳೆದು, ಬಟ್ಟೆ ಕಟ್ಟಿ, ಅಷ್ಟೆತ್ತರದ ಆಳನ್ನು ಹೇಗೋ ಕುದುರೆಗೇರಿಸಿ ತನ್ನ ಮನೆಗೆ ಕರೆತರುತ್ತಾಳೆ. ನನ್ನ ಕರಡಿನಲ್ಲಿ ಮೋಲಿ ಮೊದಲ ಸಲ ‘ನೀನು’ ಎನ್ನುವುದು ಅಲ್ಲಿ, ಅವನಿಗಿನ್ನೂ ಕಿವಿ ಕೇಳಿಸದಿರುವಾಗ. ಅವನು ಕಣ್ಣು ತೆರೆದಾಗ ಮತ್ತೆ ‘ನೀವು’.